ಒಲೆಗುಂಡಿನ ನೆನಪು

ಬೇಸಿಗೆ ರಜೆಯಲ್ಲಿ ಗೋವಿನಕೋವಿಯಲ್ಲಿ ನಾಲ್ಕು ದಿನ ಇದ್ದೆ. ಆ ಹೊತ್ತಿಗೆ ತುಂಗಭದ್ರೆ ಸಣಕಲಾಗಿ ಒಂದು ಬದಿಗೆ ಸರಿದು ಹರಿಯುತ್ತಾಳೆ. ಅವಳು ಬಿಟ್ಟ ಜಾಗದಲ್ಲೆಲ್ಲ ಮರಳು. ಬಿಸಿಲು ಇಳಿದರೆ ಸಾಕು, ಊರಿನ ಮಕ್ಕಳು ಅಲ್ಲಿರುತ್ತಾರೆ. ಅವರಲ್ಲೊಬ್ಬ ಹುಡುಗ ಕೆಟ್ಟುಹೋದ ಸ್ಪೀಕರಿನಿಂದ ಕಿತ್ತ ಉಂಗುರದಂಥ ಅಯಸ್ಕಾಂತಕ್ಕೆ ದಾರ ಕಟ್ಟಿ, ನಾಯಿಮರಿಯನ್ನು ಎಳೆದುಕೊಂಡು ಹೋಗುವ ಹಾಗೆ ಮರಳಿನ ಮೇಲೆ ಎಳೆಯುತ್ತಿದ್ದ. ನನ್ನ ಹತ್ತಿರ ಬಂದು, "ಅಜ್ಜಾ, ಇದಕ್ಕೆ ಗಡ್ಡ ಬಂದೈತಿ ನೋಡ್ರಿ" ಅಂದ.

ನಿಜವಾಗಿಯೂ ಗಡ್ಡವೇ. ಅಯಸ್ಕಾಂತದ ಅಂಚಿನ ಸುತ್ತ ಕರಿ ಕರಿ ಪುಡಿ ಮುಳ್ಳು ಮುಳ್ಳಾಗಿ ನಿಂತಿತ್ತು. ಬೆರಳಿನಿಂದ ಒರೆಸಿದರೆ ಬೆರಳಿಗೆ ಸ್ವಲ್ಪ ಅಂಟಿ, ಉಳಿದದ್ದು ಮತ್ತೆ ಹೋಗಿ ಅಯಸ್ಕಾಂತಕ್ಕೇ ಕೂತುಕೊಳ್ಳುತ್ತಿತ್ತು.

ನೀವೂ ಮಾಡಿ ನೋಡಿ. ಹೊಳೆ ಇಲ್ಲದಿದ್ದರೆ ಮನೆ ಕಟ್ಟಲು ತಂದು ಹಾಕಿದ ಮರಳಿನ ರಾಶಿ ಸಾಕು. ಮೊದಲು ಅಯಸ್ಕಾಂತವನ್ನು ಒಂದು ಕಾಗದದಲ್ಲಿ ಸುತ್ತಿಕೊಳ್ಳಿ. ಆಮೇಲೆ ಕಾಗದ ಬಿಚ್ಚಿದರೆ ಪುಡಿಯೆಲ್ಲ ತಾನಾಗಿ ಉದುರುತ್ತದೆ. ಇದನ್ನು ನಾನು ಕಲಿತದ್ದು ಅರ್ಧ ದಿನ ಅಯಸ್ಕಾಂತ ಕೆರೆದು ಉಗುರು ಕಪ್ಪು ಮಾಡಿಕೊಂಡ ಮೇಲೆ.

ಆ ಕರಿ ಪುಡಿಯ ಹೆಸರು ಮ್ಯಾಗ್ನೆಟೈಟ್. ಕಬ್ಬಿಣವೂ ಆಮ್ಲಜನಕವೂ ಸೇರಿ ಆದ ಖನಿಜ ಅದು. ಭದ್ರೆ ಹುಟ್ಟಿ ಬರುವ ಕುದುರೆಮುಖದ ಬೆಟ್ಟಗಳಲ್ಲಿ ಈ ಖನಿಜ ತುಂಬಿಕೊಂಡಿದೆ. 2005ರ ಕೊನೆಯವರೆಗೂ ಅಲ್ಲಿ ಅದನ್ನು ಅಗೆದು ತೆಗೆಯುತ್ತಿದ್ದರು. ಮಳೆ ಬೆಟ್ಟವನ್ನು ಸವೆಸುತ್ತದೆ, ಹೊಳೆ ಹೊತ್ತು ತರುತ್ತದೆ. ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಕೂಡಿ, ಒಂದೇ ಹೊಳೆಯಾಗಿ ಹೊನ್ನಾಳಿಯ ಕಡೆ ಬರುವಾಗ ಇಂಥ ಕಾಳುಗಳೂ ಮರಳಿನ ಜೊತೆ ಪ್ರಯಾಣ ಮಾಡುತ್ತವೆ.

ಮರಳಿನಲ್ಲಿ ಮಾತ್ರ ಅಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಕಾಳುಗಳು ಹೊಲದ ಮಣ್ಣಿನಲ್ಲೂ ಇವೆ, ಕುಂಬಾರರು ತುಳಿಯುವ ಜೇಡಿಯಲ್ಲೂ ಇವೆ, ಇಟ್ಟಿಗೆಯಲ್ಲೂ ಹೆಂಚಿನಲ್ಲೂ ಇವೆ, ಕರಿಕಲ್ಲಿನಲ್ಲಂತೂ ಧಾರಾಳವಾಗಿ ಇವೆ. ಮನೆಯ ಹಿಂದೆ ಅಜ್ಜಿಯ ಹಳೇ ಒಲೆ ಇದ್ದರೆ, ಅದರ ಮೂರು ಒಲೆಗುಂಡುಗಳಲ್ಲೂ, ಗುಂಡುಗಳ ನಡುವೆ ಸುಟ್ಟು ಕೆಂಪಾದ ಮಣ್ಣಿನಲ್ಲೂ ಇವೆ.

ಆ ಒಲೆಗೆ ನೆನಪಿನ ಶಕ್ತಿ ಇದೆ ಎಂದರೆ ನಂಬುತ್ತೀರಾ? ಹೊಳೆ ದಂಡೆಯಲ್ಲಿ ಕೂತ ಮಕ್ಕಳು ನಂಬಲಿಲ್ಲ. ಒಬ್ಬಳು ನಕ್ಕಳು. ಹಾಗಾಗಿ ಮೊದಲಿನಿಂದ ಹೇಳಬೇಕಾಯಿತು.

ಒಂದು ಸೂಜಿ ತೆಗೆದುಕೊಳ್ಳಿ. ಅಯಸ್ಕಾಂತದಿಂದ ಅದನ್ನು ಒಂದೇ ಕಡೆಗೆ ಇಪ್ಪತ್ತು ಮೂವತ್ತು ಸಲ ಸವರಿ. ಒಂದು ಬಟ್ಟಲು ನೀರಿನ ಮೇಲೆ ಒಣ ಎಲೆಯೊಂದನ್ನು ತೇಲಿಬಿಟ್ಟು, ಅದರ ಮೇಲೆ ಸೂಜಿಯನ್ನು ಮೆಲ್ಲಗೆ ಇಡಿ. ಎಲೆ ತಿರುಗುತ್ತದೆ, ತಿರುಗುತ್ತದೆ, ಆಮೇಲೆ ನಿಲ್ಲುತ್ತದೆ. ಸೂಜಿಯ ಒಂದು ತುದಿ ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ. ಬೆರಳಿನಿಂದ ತಿರುಗಿಸಿ ಬಿಟ್ಟರೂ ಮತ್ತೆ ಅಲ್ಲಿಗೇ ಬರುತ್ತದೆ. ಯಾರೂ ಅದನ್ನು ಮುಟ್ಟಿಲ್ಲ. ಭೂಮಿಯೇ ಒಂದು ದೊಡ್ಡ ಅಯಸ್ಕಾಂತದಂತೆ ನಡೆದುಕೊಳ್ಳುತ್ತದೆ, ಅದೇ ಸೂಜಿಯನ್ನು ತಿರುಗಿಸಿದ್ದು.

ಈಗ ಮಣ್ಣಿನೊಳಗಿನ ಒಂದೊಂದು ಮ್ಯಾಗ್ನೆಟೈಟ್ ಕಾಳಿನೊಳಗೂ ಒಂದೊಂದು ಪುಟ್ಟ ಬಾಣದ ಗುರುತು ಇದೆ ಅಂದುಕೊಳ್ಳಿ. ಆ ಬಾಣ ಯಾವ ಕಡೆ ತೋರಿಸುತ್ತದೋ ಅದು ಆ ಕಾಳಿನ ಉತ್ತರ. ತಣ್ಣಗಿರುವ ಮಣ್ಣಿನಲ್ಲಿ ಬಾಣಗಳು ಸುಮ್ಮನೆ ಕದಲುವುದಿಲ್ಲ, ಬಿಗಿಯಾಗಿ ಕೂತಿರುತ್ತವೆ.

ಆದರೆ ಬೆಂಕಿ ಬಿದ್ದರೆ? ನಿಮ್ಮ ಶಾಲೆಯ ಬಯಲನ್ನು ನೆನೆಸಿಕೊಳ್ಳಿ. ಬೆಳಿಗ್ಗೆ ಗಂಟೆ ಹೊಡೆಯುವ ಮೊದಲು ಅಲ್ಲಿ ಏನು ನಡೆಯುತ್ತಿರುತ್ತದೆ? ಒಬ್ಬ ಪೂರ್ವಕ್ಕೆ ಓಡುತ್ತಾನೆ, ಇನ್ನೊಬ್ಬಳು ಪಶ್ಚಿಮಕ್ಕೆ, ಇಬ್ಬರು ಕುಸ್ತಿ ಹಿಡಿದಿರುತ್ತಾರೆ. ಯಾರ ಮುಖ ಯಾವ ಕಡೆಗೆ ಎಂದು ಹೇಳಲು ಸಾಧ್ಯವೇ ಇಲ್ಲ. ಕಾದ ಮಣ್ಣಿನೊಳಗಿನ ಬಾಣಗಳೂ ಹಾಗೆಯೇ. ಬಿಸಿ ಎಂದರೆ ಒಳಗಿನ ಕುಣಿದಾಟ. ಕಾವು ಏರಿದಷ್ಟೂ ಕುಣಿತ ಜೋರು, ಕೊನೆಗೆ ಬಾಣಗಳಿಗೆ ದಿಕ್ಕೇ ಇಲ್ಲದಂತಾಗುತ್ತದೆ.

ಗಂಟೆ ಹೊಡೆಯಿತು. ಓಡಾಟ ನಿಧಾನವಾಗುತ್ತದೆ. ಒಬ್ಬೊಬ್ಬರೇ ಬಂದು ಧ್ವಜದ ಕಂಬದ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಅದೇ ಕ್ಷಣಕ್ಕೆ ಯಾರೋ "ಸ್ಟ್ಯಾಚ್ಯೂ" ಅಂದುಬಿಟ್ಟರು ಎನ್ನಿ. ಎಲ್ಲರೂ ನಿಂತಲ್ಲೇ ಕಲ್ಲು. ಒಲೆ ಆರುವಾಗ ನಡೆಯುವುದು ಇದೇ. ಕಾವು ಇಳಿಯುತ್ತಾ ಬಾಣಗಳ ಕುಣಿತ ತಗ್ಗುತ್ತದೆ, ಭೂಮಿಯ ಕಾಂತಬಲ ಅವನ್ನು ತನ್ನ ಕಡೆಗೆ ಸ್ವಲ್ಪ ತಿರುಗಿಸುತ್ತದೆ, ಅಷ್ಟರಲ್ಲಿ ಮಣ್ಣು ತಣ್ಣಗಾಗಿ ಅವು ಹಾಗೆಯೇ ಬಿಗಿದುಕೊಳ್ಳುತ್ತವೆ. ನಾಳೆ ಧ್ವಜದ ಕಂಬವನ್ನೇ ಕಿತ್ತು ಬೇರೆ ಕಡೆ ನೆಟ್ಟರೂ ಈ ಮಕ್ಕಳು ಹಳೇ ಜಾಗವನ್ನೇ ನೋಡುತ್ತಾ ನಿಂತಿರುತ್ತಾರೆ.

ಒಂದು ಮಾತು ಮುಚ್ಚಿಡಬಾರದು. ಎಲ್ಲ ಬಾಣಗಳೂ ಕವಾಯತಿನ ಸಾಲಿನಂತೆ ನೆಟ್ಟಗೆ ನಿಲ್ಲುವುದಿಲ್ಲ. ಭೂಮಿಯ ಕಾಂತಬಲ ತುಂಬಾ ಮೆದು. ಅದನ್ನು ಅಳೆಯುವ ಮಾನ ಮೈಕ್ರೋಟೆಸ್ಲಾ; ನಮ್ಮ ಕಡೆ ಅದು ಸುಮಾರು 40 ಮೈಕ್ರೋಟೆಸ್ಲಾ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಗೊಂಬೆಯ ಅಯಸ್ಕಾಂತ ಅದಕ್ಕಿಂತ ನೂರು ಪಟ್ಟು ಜೋರು. ಆದ್ದರಿಂದ ತುಂಟರ ತರಗತಿಯಂತೆ ಬಹಳ ಮಂದಿ ಎತ್ತೆತ್ತಲೋ ನೋಡುತ್ತಿರುತ್ತಾರೆ, ಧ್ವಜದ ಕಡೆ ನೋಡುವವರು ಉಳಿದ ಕಡೆಗಿಂತ ಒಂದಿಷ್ಟು ಹೆಚ್ಚು, ಅಷ್ಟೇ. ಆದರೆ ಒಂದು ಚಿಟಿಕೆ ಮಣ್ಣಿನಲ್ಲಿ ಲೆಕ್ಕವಿಲ್ಲದಷ್ಟು ಕಾಳುಗಳು ಇರುವುದರಿಂದ ಆ "ಒಂದಿಷ್ಟು ಹೆಚ್ಚು" ಕೂಡ ಅಳೆಯಲು ಸಾಕು.

ಬೆಂಕಿ ಮರೆಸುತ್ತದೆ ಎನ್ನುವುದನ್ನು ಕಣ್ಣಾರೆ ನೋಡಬಹುದು. ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಬೇಕು, ಒಬ್ಬರೇ ಬೇಡ. ಅಯಸ್ಕಾಂತದಿಂದ ಸವರಿದ ಸೂಜಿ ಗುಂಡುಪಿನ್ನನ್ನು ಎತ್ತುತ್ತದೆಯೇ ನೋಡಿಕೊಳ್ಳಿ. ಆಮೇಲೆ ಅವರು ಆ ಸೂಜಿಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಯಲ್ಲಿ ಕೆಂಪಗೆ ಕಾಯಿಸಲಿ. ಪೂರ್ತಿ ಆರಿದ ಮೇಲೆ ಮತ್ತೆ ಪಿನ್ನಿನ ಹತ್ತಿರ ತನ್ನಿ. ಸೂಜಿಗೆ ಪಿನ್ನಿನ ಪರಿಚಯವೇ ಮರೆತುಹೋಗಿರುತ್ತದೆ.

ಎಷ್ಟು ಕಾವಿಗೆ ಪೂರ್ತಿ ಮರೆವು ಬರುತ್ತದೆ ಎನ್ನುವುದು ವಸ್ತುವಿನಿಂದ ವಸ್ತುವಿಗೆ ಬೇರೆ. ಕಬ್ಬಿಣಕ್ಕೆ ಸುಮಾರು 770 ಡಿಗ್ರಿ, ನಮ್ಮ ಮ್ಯಾಗ್ನೆಟೈಟಿಗೆ ಸುಮಾರು 580 ಡಿಗ್ರಿ. ಕುದಿಯುವ ನೀರು 100 ಡಿಗ್ರಿ ಎಂಬುದನ್ನು ಪಕ್ಕಕ್ಕೆ ಇಟ್ಟುಕೊಂಡರೆ ಈ ಕಾವಿನ ಅಂದಾಜು ಸಿಗುತ್ತದೆ. ಚೆನ್ನಾಗಿ ಉರಿಯುವ ಸೌದೆ ಒಲೆಯ ಕೆಂಡ ಅಷ್ಟು ಕಾಯುತ್ತದೆ, ಇಟ್ಟಿಗೆ ಭಟ್ಟಿ ಇನ್ನೂ ಹೆಚ್ಚು. ಈ ಮರೆವಿನ ಕಾವನ್ನು ಫ್ರಾನ್ಸಿನ ಪಿಯರ್ ಕ್ಯೂರಿ 1895ರಲ್ಲಿ ಸೂಕ್ಷ್ಮವಾಗಿ ಅಳೆದರು. ಅದಕ್ಕೇ ಅದನ್ನು ಕ್ಯೂರಿ ತಾಪ ಎನ್ನುತ್ತಾರೆ.

ಕುಲುಮೆಯವರಿಗೆ ಇದರ ಗುಟ್ಟು ಮೊದಲೇ ಕೈಗೆ ಸಿಕ್ಕಿತ್ತು. ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ 1600ರಲ್ಲಿ ಅಯಸ್ಕಾಂತದ ಮೇಲೆ ದೊಡ್ಡ ಪುಸ್ತಕ ಬರೆದರು. ಕೆಂಪಗೆ ಕಾದ ಕಬ್ಬಿಣದ ಸರಳನ್ನು ಅಡಿಗಲ್ಲಿನ ಮೇಲೆ ಉತ್ತರ–ದಕ್ಷಿಣವಾಗಿ ಇಟ್ಟು ಬಡಿಯುತ್ತಾ ಆರಿಸಿದರೆ ಅದು ತಾನೇ ಅಯಸ್ಕಾಂತವಾಗುತ್ತದೆ ಎಂದು ಅದರಲ್ಲಿ ಚಿತ್ರ ಸಮೇತ ತೋರಿಸಿದ್ದಾರೆ. ಭೂಮಿಯೇ ಅಯಸ್ಕಾಂತ ಎಂದು ವಾದಿಸಿದ ಪುಸ್ತಕವೂ ಅದೇ.

ಇಷ್ಟು ಹೇಳುವ ಹೊತ್ತಿಗೆ, ಮೊದಲು ನಕ್ಕಿದ್ದ ಹುಡುಗಿ ಕೈ ಎತ್ತಿದಳು. "ಅಜ್ಜಾ, ಬಿಸಿ ಆದ್ರೆ ಅಯಸ್ಕಾಂತ ಮರೀತೈತಿ ಅಂದ್ರಿ. ಭೂಮಿ ಒಳಗೆ ಬೆಂಕಿ ಹಂಗೆ ಬಿಸಿ ಇರ್ತೈತಿ ಅಂತ ಪುಸ್ತಕದಾಗೈತಿ. ಮತ್ತೆ ಭೂಮಿ ಹೆಂಗ್ ಅಯಸ್ಕಾಂತ ಆತು?"

ಇಂಥ ಪ್ರಶ್ನೆ ಕೇಳಿದಾಗ ನನಗೆ ಆಗುವ ಸಂತೋಷ ಹೋಳಿಗೆ ತಿಂದಾಗಲೂ ಆಗುವುದಿಲ್ಲ. ಗಿಲ್ಬರ್ಟರು ಭೂಮಿಯನ್ನು ಗಟ್ಟಿ ಅಯಸ್ಕಾಂತದ ಗುಂಡು ಅಂದುಕೊಂಡಿದ್ದರು. ಅದು ಸರಿಯಲ್ಲ. ಹುಡುಗಿ ಹೇಳಿದಂತೆಯೇ ಅಷ್ಟು ಬಿಸಿಯಲ್ಲಿ ಯಾವ ಅಯಸ್ಕಾಂತವೂ ಉಳಿಯುವುದಿಲ್ಲ.

ಉತ್ತರ ನಿಮ್ಮ ತಾತನ ಸೈಕಲ್ಲಿನಲ್ಲಿದೆ. ಹಳೇ ಸೈಕಲ್ಲಿನ ಚಕ್ರಕ್ಕೆ ತಾಗಿಕೊಂಡು ಒಂದು ಡೈನಮೋ ಇರುತ್ತಿತ್ತು. ಪೆಡಲ್ ತುಳಿದರೆ ದೀಪ ಉರಿಯುತ್ತಿತ್ತು, ನಿಂತರೆ ಆರುತ್ತಿತ್ತು. ಓಡಾಟದಿಂದ ಕರೆಂಟು ಹುಟ್ಟುತ್ತದೆ, ಕರೆಂಟು ಹರಿದಲ್ಲಿ ಕಾಂತಬಲವೂ ಇರುತ್ತದೆ. ನಮ್ಮ ಕಾಲ ಕೆಳಗೆ ಸುಮಾರು 2,900 ಕಿಲೋಮೀಟರ್ ಇಳಿದರೆ ಕರಗಿದ ಕಬ್ಬಿಣದ ಸಮುದ್ರ ಇದೆ. ಒಲೆಯ ಮೇಲಿನ ಸಾರಿನಂತೆ ಅದು ಬಿಸಿಯಾದದ್ದು ಮೇಲೇರುತ್ತಾ, ತಣಿದದ್ದು ಕೆಳಗಿಳಿಯುತ್ತಾ, ಭೂಮಿಯ ಸುತ್ತಾಟಕ್ಕೆ ಸುರುಳಿ ಸುತ್ತಿಕೊಳ್ಳುತ್ತಾ ಹರಿಯುತ್ತದೆ. ಆ ಹರಿವೇ ಭೂಮಿಯ ಡೈನಮೋ.

ಸಾರು ಕುದಿಯುವುದನ್ನು ಒಮ್ಮೆ ಸುಮ್ಮನೆ ನಿಂತು ನೋಡಿ. ಒಂದೇ ರೀತಿ ಕುದಿಯುತ್ತದೆಯೇ? ಒಮ್ಮೆ ಈ ಮೂಲೆಯಲ್ಲಿ ಉಕ್ಕುತ್ತದೆ, ಒಮ್ಮೆ ಆ ಮೂಲೆಯಲ್ಲಿ. ಭೂಮಿಯೊಳಗಿನ ಹರಿವೂ ಬದಲಾಗುತ್ತಾ ಇರುತ್ತದೆ. ಅದಕ್ಕೆ ತಕ್ಕಂತೆ ದಿಕ್ಸೂಚಿಯ ಮುಳ್ಳು ತೋರಿಸುವ ಉತ್ತರವೂ ವರ್ಷ ವರ್ಷಕ್ಕೆ ಸ್ವಲ್ಪ ಸ್ವಲ್ಪ ಸರಿಯುತ್ತದೆ. ಕಾಂತಬಲ ಏರುತ್ತದೆ, ಇಳಿಯುತ್ತದೆ.

ಇದನ್ನು ದಿನ ದಿನ ಬರೆದಿಡುವವರೂ ಇದ್ದಾರೆ. ಮುಂಬೈಯ ಕೊಲಾಬದಲ್ಲಿ 1841ರಿಂದಲೇ ಅಳತೆ ಶುರುವಾಯಿತು. ಆಮೇಲೆ ಆ ಊರಿಗೆ ಕರೆಂಟಿನ ಟ್ರಾಮು ಬರುವುದೆಂದಾಯಿತು. ಟ್ರಾಮಿನ ಕರೆಂಟಿಗೆ ಅಳತೆಯ ಸೂಕ್ಷ್ಮ ಮುಳ್ಳುಗಳು ಅಲ್ಲಾಡಿಬಿಡುತ್ತವೆ ಎಂದು 1904ರಲ್ಲಿ ಸಮುದ್ರದಾಚೆ ಅಲಿಬಾಗಿನಲ್ಲಿ ಹೊಸ ವೀಕ್ಷಣಾಲಯ ತೆರೆದರು. ಒಂದು ಪುಟ್ಟ ಮುಳ್ಳಿಗಾಗಿ ಕೊಲ್ಲಿ ದಾಟಿ ಮನೆ ಬದಲಾಯಿಸಿದ ಕಥೆ ನನಗೆ ತುಂಬಾ ಇಷ್ಟ.

ಆದರೆ 1841ಕ್ಕಿಂತ ಹಿಂದೆ? ಸಾವಿರ ವರ್ಷದ ಹಿಂದೆ, ಕೋಟಿ ವರ್ಷದ ಹಿಂದೆ ಭೂಮಿಯ ಕಾಂತಬಲ ಹೇಗಿತ್ತು? ಬರೆದಿಡಲು ಅಲ್ಲಿ ಯಾರಿದ್ದರು? ಒಲೆ ಇತ್ತು. ಕುಂಬಾರರ ಆವಿಗೆ ಇತ್ತು. ಅದಕ್ಕೂ ಹಿಂದೆ, ಮನುಷ್ಯರೇ ಇಲ್ಲದಾಗ, ನೆಲ ಸೀಳಿಕೊಂಡು ಬಂದು ಆರಿದ ಲಾವಾ ಇತ್ತು.

1906ರಲ್ಲಿ ಬರ್ನಾರ್ಡ್ ಬ್ರೂನ್ ಎಂಬ ಫ್ರೆಂಚ್ ವಿಜ್ಞಾನಿ ತಮ್ಮ ದೇಶದ ಒಂದು ಹಳ್ಳಿಯಲ್ಲಿ ಕಂಡದ್ದು ಇದು. ಹಳೇ ಲಾವಾದ ಪದರ. ಅದರ ಕೆಳಗೆ ಜೇಡಿಮಣ್ಣು. ಕಾದ ಕಾವಲಿಯನ್ನು ಸಾರಿಸಿದ ನೆಲದ ಮೇಲೆ ಇಟ್ಟರೆ ನೆಲ ಸುಟ್ಟು ಗುರುತು ಬೀಳುತ್ತದಲ್ಲ, ಹಾಗೆ ಲಾವಾದ ಬಿಸಿಗೆ ಜೇಡಿ ಬೆಂದು ಇಟ್ಟಿಗೆಯಂತಾಗಿತ್ತು. ಅವರು ಎರಡರ ಬಾಣವನ್ನೂ ಅಳೆದರು. ಎರಡೂ ಒಂದೇ ಕಡೆ ತೋರಿಸಿದವು. ಆದರೆ ತಲೆಕೆಳಗಾಗಿ! ಉತ್ತರ ಇರಬೇಕಾದಲ್ಲಿ ದಕ್ಷಿಣ, ದಕ್ಷಿಣ ಇರಬೇಕಾದಲ್ಲಿ ಉತ್ತರ.

ಲಾವಾ ಒಂದೇ ಹಾಗೆ ಹೇಳಿದ್ದರೆ ಏನೋ ಹೆಚ್ಚುಕಡಿಮೆಯಾಗಿದೆ ಎನ್ನಬಹುದಿತ್ತು. ಲಾವಾ ಬೇರೆ ಜಾತಿಯ ಕಲ್ಲು, ಜೇಡಿ ಬೇರೆ. ಬೇರೆ ಬೇರೆ ಬೆಂಚಿನಲ್ಲಿ ಕೂತ ಇಬ್ಬರು ಒಂದೇ ಉತ್ತರ ಬರೆದಿದ್ದಾರೆ, ಒಬ್ಬರದನ್ನು ಒಬ್ಬರು ನೋಡಿ ಬರೆಯಲು ಸಾಧ್ಯವಿರಲಿಲ್ಲ. ಹಾಗಾದರೆ ಅವೆರಡೂ ಜೊತೆಯಾಗಿ ಆರಿದ ಕಾಲದಲ್ಲಿ ಭೂಮಿಯ ಕಾಂತಧ್ರುವಗಳೇ ಅದಲುಬದಲಾಗಿದ್ದವು ಎನ್ನಬೇಕಾಗುತ್ತದೆ. 1929ರಲ್ಲಿ ಜಪಾನಿನ ಮೊಟೊನೊರಿ ಮಟುಯಾಮ ಅವರೂ ತಮ್ಮ ಕಡೆಯ ಲಾವಾಗಳಲ್ಲಿ ಇದನ್ನೇ ಕಂಡರು. ಕೊನೆಯ ಸಲ ಧ್ರುವಗಳು ಅದಲುಬದಲಾದದ್ದು ಸುಮಾರು 7.8 ಲಕ್ಷ ವರ್ಷಗಳ ಹಿಂದೆ. ಅದಕ್ಕೂ ಹಿಂದೆ ಎಷ್ಟೋ ಸಲ ಆಗಿದೆ.

ಕಲ್ಲಿನ ಬಾಣದಲ್ಲಿ ಇನ್ನೊಂದು ಸುದ್ದಿಯೂ ಇರುತ್ತದೆ. ಏತದ ಮರ ನೋಡಿದ್ದೀರಾ? ಬಾವಿಯಿಂದ ನೀರೆತ್ತುವ, ಒಂದು ತುದಿ ಏರಿದರೆ ಇನ್ನೊಂದು ಇಳಿಯುವ ಉದ್ದನೆಯ ಮರ. ನೋಡಿರದಿದ್ದರೆ ಪಾರ್ಕಿನ ಸೀಸಾ ಆದೀತು. ಅಯಸ್ಕಾಂತದ ಮುಳ್ಳನ್ನು ಹಾಗೆ ಮೇಲೆ ಕೆಳಗೆ ಆಡುವಂತೆ ತೂಗುಬಿಟ್ಟರೆ, ಭೂಮಧ್ಯರೇಖೆಯ ಹತ್ತಿರ ಅದು ಹೆಚ್ಚುಕಡಿಮೆ ಮಟ್ಟಸವಾಗಿ ಮಲಗುತ್ತದೆ. ಉತ್ತರಕ್ಕೆ ಹೋದಂತೆ ಅದರ ಉತ್ತರದ ತುದಿ ನೆಲದ ಕಡೆ ಬಾಗುತ್ತಾ ಹೋಗಿ, ಧ್ರುವದ ಹತ್ತಿರ ನೆಟ್ಟಗೆ ನಿಂತುಬಿಡುತ್ತದೆ. ದಕ್ಷಿಣಕ್ಕೆ ಹೋದರೆ ಅದೇ ತುದಿ ಆಕಾಶದ ಕಡೆ ಎದ್ದು ನಿಲ್ಲುತ್ತದೆ. ಗೋವಿನಕೋವಿಯಲ್ಲಿ ಸ್ವಲ್ಪವೇ ಬಾಗುತ್ತದೆ. ಅಂದರೆ ಮುಳ್ಳು ಎಷ್ಟು ಬಾಗಿದೆ ಎಂದು ನೋಡಿದರೆ ನಾವು ಧ್ರುವದಿಂದ ಎಷ್ಟು ದೂರ ಇದ್ದೇವೆ ಎಂದು ಹೇಳಬಹುದು. ಕಲ್ಲು ಆರಿದಾಗ ಆ ಕಲ್ಲು ಎಲ್ಲಿತ್ತು ಎಂಬುದನ್ನೂ!

ಇದನ್ನು ಓದಲು ವಿಜ್ಞಾನಿಗಳು ಬಂಡೆಯಿಂದ ಬೆರಳಿನಷ್ಟು ದಪ್ಪದ ತುಂಡನ್ನು ಕೊರೆದು ತೆಗೆಯುತ್ತಾರೆ. ಕೀಳುವ ಮೊದಲೇ ಅದರ ಮೇಲೆ ಉತ್ತರದ ಗೆರೆ ಎಳೆಯಬೇಕು, ಇಲ್ಲದಿದ್ದರೆ ಬಾಣ ಯಾವ ಕಡೆ ತೋರಿಸುತ್ತಿತ್ತೋ ಹೇಳುವುದು ಹೇಗೆ? ತಮಾಷೆ ಎಂದರೆ ಕರಿಕಲ್ಲು ದಿಕ್ಸೂಚಿಯ ಮುಳ್ಳನ್ನೇ ತನ್ನ ಕಡೆ ಎಳೆದು ಸುಳ್ಳು ಹೇಳಿಸಬಹುದು. ಆಗ ಸೂರ್ಯನ ನೆರಳನ್ನು ನೋಡಿ ಉತ್ತರ ಕಂಡುಕೊಳ್ಳುತ್ತಾರೆ. ಗುಡ್ಡದ ನೆತ್ತಿಯ ಬಂಡೆಗಳೆಂದರೂ ಅವರಿಗೆ ಅನುಮಾನ. ಸಿಡಿಲು ಬಡಿದ ಕಲ್ಲಿನಲ್ಲಿ ಹಳೇ ನೆನಪು ಅಳಿಸಿಹೋಗಿ ಸಿಡಿಲಿನ ಗುರುತು ಮಾತ್ರ ಉಳಿದಿರುತ್ತದೆ.

ಆಮೇಲೆ ಪ್ರಯೋಗಾಲಯದಲ್ಲಿ ಕಲ್ಲನ್ನು ಮತ್ತೆ ಕಾಯಿಸುತ್ತಾರೆ. ಮಕ್ಕಳು ತಕ್ಷಣ ಕೂಗಿದರು, "ಕಾಯಿಸಿದ್ರೆ ಮರೆತು ಹೋಗ್ತೈತಲ್ಲ!" ಹೌದು, ಬೇಕಂತಲೇ ಮರೆಸುತ್ತಾರೆ, ಆದರೆ ಸ್ವಲ್ಪ ಸ್ವಲ್ಪವಾಗಿ.

ಅಡುಗೆಮನೆಯಲ್ಲಿ ಮೂರು ಬಟ್ಟಲು ನೆನೆಸಿಕೊಳ್ಳಿ. ಒಂದರಲ್ಲಿ ಚಳಿಗೆ ಗಟ್ಟಿಯಾದ ಕೊಬ್ಬರಿ ಎಣ್ಣೆ, ಒಂದರಲ್ಲಿ ತುಪ್ಪ, ಒಂದರಲ್ಲಿ ಮೇಣ. ಮೂರನ್ನೂ ಬಿಸಿಲಿಗೆ ಇಟ್ಟರೆ ಮೊದಲು ಕರಗುವುದು ಎಣ್ಣೆ, ಆಮೇಲೆ ತುಪ್ಪ, ಮೇಣ ಬಿಸಿಲಿಗೆ ಜಗ್ಗುವುದೇ ಇಲ್ಲ, ಒಲೆಯೇ ಬೇಕು. ಕಲ್ಲಿನ ಕಾಳುಗಳಲ್ಲೂ ಕೊಬ್ಬರಿ ಎಣ್ಣೆಯಂಥವು ಇವೆ, ಮೇಣದಂಥವೂ ಇವೆ. ಕೆಲವು 150 ಡಿಗ್ರಿಗೇ ನೆನಪು ಬಿಡುತ್ತವೆ, ಕೆಲವು 500 ದಾಟಿದರೂ ಬಿಡುವುದಿಲ್ಲ.

ಮೆತ್ತನೆಯ ಕಾಳುಗಳಲ್ಲಿ ಹೆಚ್ಚಾಗಿ ಇರುವುದು ಇತ್ತೀಚಿನ ನೆನಪು, ಬಂಡೆ ಬಿಸಿಲಲ್ಲಿ ಲಕ್ಷಾಂತರ ವರ್ಷ ಸುಮ್ಮನೆ ಬಿದ್ದುಕೊಂಡಿದ್ದಾಗ ಮೇಲೆ ಕೂತ ಧೂಳು. ಮೊಂಡು ಕಾಳುಗಳಲ್ಲಿ ಇರುವುದು ಹುಟ್ಟಿದಾಗಿನ ನೆನಪು. ಆದ್ದರಿಂದ ಭೂಮಿಯ ಕಾಂತಬಲ ಒಳಗೆ ನುಸುಳದಂತೆ ಕವಚ ಹಾಕಿದ ಒಲೆಯಲ್ಲಿ 100 ಡಿಗ್ರಿಗೆ ಕಾಯಿಸಿ, ಆರಿಸಿ, ಅಳೆಯುತ್ತಾರೆ. ಮತ್ತೆ 200, ಮತ್ತೆ 300. ಧೂಳೆಲ್ಲ ಕೊಡವಿದ ಮೇಲೆ ಹಳೇ ಬಾಣವೊಂದೇ ಉಳಿಯುತ್ತದೆ.

ಬಾಣದ ದಿಕ್ಕು ಸರಿ, ಆ ಕಾಲದ ಕಾಂತಬಲ ಎಷ್ಟು ಜೋರಾಗಿತ್ತು ಎಂದು ಹೇಳುವುದು ಹೇಗೆ? ಇದಕ್ಕೆ ಫ್ರಾನ್ಸಿನ ಎಮಿಲ್ ತೆಲಿಯೆ ಮತ್ತು ಅವರ ಪತ್ನಿ ಒಡೆಟ್ ತೆಲಿಯೆ ದಾರಿ ಮಾಡಿದರು. 1959ರಲ್ಲಿ ಅವರು ಅಚ್ಚು ಹಾಕಿಸಿದ ವಿಧಾನವನ್ನೇ ಇಂದಿಗೂ ಸ್ವಲ್ಪ ತಿದ್ದಿಕೊಂಡು ಬಳಸುತ್ತಾರೆ. ಅವರ ಉಪಾಯ ನಮ್ಮ ಅಜ್ಜಿಯರಿಗೆ ಮೆಚ್ಚಿಗೆಯಾಗುವಂಥದ್ದು: ಅಳೆಯಲು ಬೇರೆ ಪಾವು ಹುಡುಕಬೇಡಿ, ಕಲ್ಲೇ ನಿಮ್ಮ ಪಾವು.

ಲೆಕ್ಕಕ್ಕೆ ಒಂದು ಹಳೇ ಮಡಕೆಯ ಚೂರು ಹಿಡಿಯೋಣ. ಅದರಲ್ಲಿ ಹಳೇ ನೆನಪು 30 ಕಾಳಿನಷ್ಟು ಇದೆ. ಅದನ್ನು ಕಾಯಿಸಿ ಮರೆಸಿ, ನಮಗೆ ಗೊತ್ತಿರುವ 40 ಮೈಕ್ರೋಟೆಸ್ಲಾದ ಕಾಂತಬಲದಲ್ಲಿ ಆರಲು ಬಿಟ್ಟೆವು. ಹೊಸ ನೆನಪು 20 ಕಾಳಿನಷ್ಟು ಬಂತು. 40ಕ್ಕೆ 20 ಆದರೆ, 30 ಬರಲು ಎಷ್ಟು ಬೇಕಿತ್ತು? ಹೊಳೆ ದಂಡೆಯಲ್ಲಿ ಮರಳಿನ ಮೇಲೆ ಬರೆದು ಇಬ್ಬರು ಒಟ್ಟಿಗೆ "ಅರವತ್ತು" ಅಂದರು. ಸರಿಯೇ. ಆ ಮಡಕೆ ಬೆಂದ ದಿನ ಭೂಮಿಯ ಕಾಂತಬಲ 60 ಮೈಕ್ರೋಟೆಸ್ಲಾ ಇತ್ತು. ನಿಜವಾದ ಕೆಲಸದಲ್ಲಿ ಒಂದು ಫಜೀತಿ ಇದೆ. ಕಾಯಿಸುವಾಗ ಕೆಲವೊಮ್ಮೆ ಕಾಳುಗಳೇ ಬೇರೆ ಖನಿಜವಾಗಿ ಬದಲಾಗುತ್ತವೆ, ಪಾವೇ ಕರಗಿ ಚಿಕ್ಕದಾದ ಹಾಗೆ. ಅದಕ್ಕೇ ಪ್ರತಿ ಮೆಟ್ಟಿಲಿನಲ್ಲೂ ಹಿಂದಕ್ಕೆ ಬಂದು ಪರೀಕ್ಷೆ ಮಾಡಿಕೊಳ್ಳುತ್ತಾರೆ. ಎಷ್ಟೋ ಕಲ್ಲುಗಳು ಈ ಪರೀಕ್ಷೆಯಲ್ಲಿ ನಪಾಸಾಗುತ್ತವೆ.

ಈಗ ನಮ್ಮ ನಾಡಿನ ಕಲ್ಲುಗಳು ಏನು ಹೇಳಿವೆ, ಕೇಳೋಣ. ಬೆಂಗಳೂರಿನ ದಕ್ಷಿಣಕ್ಕೆ ಹಾರೋಹಳ್ಳಿಯ ಸುತ್ತ ಬೂದು ಬಂಡೆಗಳ ನಡುವೆ ಪೂರ್ವ–ಪಶ್ಚಿಮವಾಗಿ ಹಾದುಹೋಗುವ ಕರಿಕಲ್ಲಿನ ಪಟ್ಟಿಗಳಿವೆ. ಹಳೇ ಬಂಡೆ ಬಿರುಕು ಬಿಟ್ಟಾಗ ಆಳದಿಂದ ಕರಗಿದ ಕಲ್ಲು ಏರಿ ಬಂದು, ಬಿರುಕನ್ನು ತುಂಬಿ, ಆರಿ ಗಟ್ಟಿಯಾದದ್ದು. ಗೋಡೆಯ ಬಿರುಕಿಗೆ ಸಿಮೆಂಟು ತುಂಬಿದ ಹಾಗೆ. ಇವನ್ನು ಡೈಕ್ ಎನ್ನುತ್ತಾರೆ. ಕೆನಡಾದ ಹೆನ್ರಿ ಹಾಲ್ಸ್, ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಅನಿಲ್ ಕುಮಾರ್ ಮತ್ತು ಸಂಗಡಿಗರು 2007ರಲ್ಲಿ ಇವುಗಳ ವಯಸ್ಸನ್ನೂ ಬಾಣವನ್ನೂ ಪ್ರಕಟಿಸಿದರು. ವಯಸ್ಸು ಸುಮಾರು 236 ಕೋಟಿ ವರ್ಷ!

ಬಾಣ? ಅದು ಮಲಗಿರಲಿಲ್ಲ, ಬಹಳ ಕಡಿದಾಗಿ ನಿಂತಿತ್ತು. ಏತದ ಮರ ನೆಟ್ಟಗೆ ನಿಲ್ಲುವುದು ಎಲ್ಲಿ ಎಂದು ಈಗಷ್ಟೇ ನೋಡಿದೆವು. ಇಂದು ರಾಗಿ ಬೆಳೆಯುವ, ಮಾವು ತೂಗುವ ಈ ನೆಲ ಆ ಕಾಲದಲ್ಲಿ ಧ್ರುವದ ಹತ್ತಿರ ಎಲ್ಲೋ ಇತ್ತು. ಇದನ್ನು ಕೇಳಿದಾಗೆಲ್ಲ ನಾನು ಒಂದು ಗಳಿಗೆ ಸುಮ್ಮನಾಗಿಬಿಡುತ್ತೇನೆ.

ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಿನ ಕಡೆಯ ಕರಿಕಲ್ಲು ಬೇರೆ. ಅದು ಸುಮಾರು 6.6 ಕೋಟಿ ವರ್ಷದ ಹಿಂದೆ ಪದರ ಪದರವಾಗಿ ಹರಿದ ದಖ್ಖನ್ ಲಾವಾ, ದೋಸೆಯ ಮೇಲೆ ದೋಸೆ ಪೇರಿಸಿದ ಹಾಗೆ. 1956ರಲ್ಲಿ ಕ್ಲೆಗ್, ಡಾಯ್ಚ್, ಗ್ರಿಫಿತ್ಸ್ ಎಂಬ ಮೂವರು ಈ ಲಾವಾದ ನೆನಪನ್ನು ಅಳೆದು ಪ್ರಕಟಿಸಿದರು. ಅದು ಆರಿದಾಗ ಇಂಡಿಯಾ ಭೂಮಧ್ಯರೇಖೆಯ ಆಚೆ, ದಕ್ಷಿಣದಲ್ಲಿ ಇತ್ತು. ಖಂಡಗಳು ಚಲಿಸುತ್ತವೆ ಎಂದರೆ ದೊಡ್ಡ ದೊಡ್ಡವರೇ ತಲೆ ಅಲ್ಲಾಡಿಸುತ್ತಿದ್ದ ಕಾಲ ಅದು. ದಖ್ಖನ್ ಪದರಗಳಲ್ಲಿ ಕೆಲವು ತಲೆಕೆಳಗಾದ ಬಾಣದವು, ಮೇಲಿನ ಕೆಲವು ನೆಟ್ಟಗಿನವು. ಲಾವಾ ಹರಿಯುತ್ತಿದ್ದ ಕಾಲದಲ್ಲೇ ಧ್ರುವಗಳು ಮಗುಚಿದ್ದವು. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳು ಇನ್ನೂ ಹಳೆಯವು, ಇಂಡಿಯಾ ಮತ್ತು ಮಡಗಾಸ್ಕರ್ ಬೇರೆಯಾದ ಕಾಲದವು. ಅವುಗಳ ಬಾಣವನ್ನೂ ಓದಿದ್ದಾರೆ.

ನನಗೆ ಮಾತ್ರ ಮಡಕೆಗಳ ಕಥೆಯೇ ಹೆಚ್ಚು ಹತ್ತಿರ. 1966ರಲ್ಲಿ ಆರ್. ಎನ್. ಅಠವಳೆ ಎಂಬ ವಿಜ್ಞಾನಿ ಭಾರತದಲ್ಲಿ ಕಳೆದ 4,000 ವರ್ಷಗಳ ಕಾಂತಬಲ ಹೇಗೆ ಏರಿಳಿಯಿತು ಎಂದು ಬರೆದರು. ಆಫ್ರಿಕಾದ ಲಿಂಪೊಪೊ ಹೊಳೆಯ ಕಣಿವೆಯಲ್ಲಿ ಹಿಂದೆ ರೈತರು ಬರಗಾಲ ಬಂದಾಗ ಶುದ್ಧಿಗೆಂದು ತಮ್ಮ ಮಣ್ಣಿನ ಗುಡಿಸಲು, ಕಣಜಗಳನ್ನೇ ಸುಡುತ್ತಿದ್ದರಂತೆ. ಆ ಸುಟ್ಟ ನೆಲದಿಂದ ಈಗಿನ ವಿಜ್ಞಾನಿಗಳು ಅಲ್ಲಿನ ಸಾವಿರ ವರ್ಷದ ಕಾಂತಬಲ ಓದಿದ್ದಾರೆ. ಮಳೆಗಾಗಿ ಹಚ್ಚಿದ ಬೆಂಕಿ ಏನನ್ನು ಬರೆದಿಟ್ಟಿತು ನೋಡಿ.

ಗೋವಿನಕೋವಿಯಿಂದ ನಮ್ಮ ಹೊಳೆಯ ಜೊತೆ ಕೆಳಗೆ ಹೋದರೆ ಹಾವೇರಿ ಜಿಲ್ಲೆಯ ಕಡೆಯ ದಡದಲ್ಲಿ ಹಳ್ಳೂರು ಎಂಬ ಊರಿದೆ. ಎಂ. ಎಸ್. ನಾಗರಾಜರಾವ್ ಅವರು 1965ರಲ್ಲಿ ಅಲ್ಲಿ ಅಗೆದು ನೋಡಿದಾಗ ಕಲ್ಲಿನ ಕೊಡಲಿಯ ಕಾಲದಿಂದ ಕಬ್ಬಿಣದ ಕಾಲದವರೆಗೆ, ಸುಮಾರು ಮೂರು ಸಾವಿರ ವರ್ಷದ ಹಿಂದೆಯೂ ಜನ ಬಾಳಿದ್ದ ಪದರಗಳು ಸಿಕ್ಕವು. ಮಡಕೆ ಚೂರುಗಳೂ ಸಿಕ್ಕವು. ಅವರೂ ಇದೇ ಹೊಳೆಯ ಜೇಡಿ ತುಳಿದವರು. ಅವರ ಆವಿಗೆ ಆರಿದ ರಾತ್ರಿ ಒಂದೊಂದು ಮಡಕೆಯೂ ಭೂಮಿಯ ಕಾಂತಬಲವನ್ನು ತನ್ನೊಳಗೆ ಇಟ್ಟುಕೊಂಡಿತು.

ಮಡಕೆಯನ್ನು ಆವಿಗೆಯಿಂದ ತೆಗೆದು ಸಂತೆಗೆ ಒಯ್ದರೆ ಅದರ ಬಾಣದ ದಿಕ್ಕು ಹಾಳಾಗುತ್ತದೆ, ಬಲದ ನೆನಪು ಮಾತ್ರ ಉಳಿಯುತ್ತದೆ. ಕದಲದ ಒಲೆಯಲ್ಲಿ ಎರಡೂ ಉಳಿಯುತ್ತವೆ. "ಹಂಗಾದ್ರೆ ಇಟ್ಟಿಗಿ?" ಎಂದು ಸ್ಪೀಕರಿನ ಹುಡುಗ ಕೇಳಿದ. ಇಟ್ಟಿಗೆಯನ್ನು ಭಟ್ಟಿಯಲ್ಲಿ ಹೇಗೆ ಇಟ್ಟಿದ್ದರು ಎಂದು ಗೊತ್ತಿದ್ದರೆ, ಬಾಣ ಎಷ್ಟು ಬಾಗಿತ್ತು ಎಂಬುದಾದರೂ ಸಿಗುತ್ತದೆ. ಮರುದಿನ ದಾರಿಯಲ್ಲಿ ಇಟ್ಟಿಗೆ ಸುಡುವವರೊಬ್ಬರು ಸಿಕ್ಕಾಗ ಅವನೇ ಕೇಳಿದ. "ಅಂಚಿನ ಮ್ಯಾಲೆ ನಿಲ್ಲಿಸ್ತೀವಪ್ಪ, ಮಲಗಿಸಿದ್ರೆ ಬೆಂಕಿ ಒಳಗೆ ಹೆಂಗ್ ಹೋಗ್ಬೇಕು?" ಅಂದರು ಅವರು.

ಅಂದು ಸಂಜೆ ಮಕ್ಕಳೆಲ್ಲ ಆ ಹುಡುಗಿಯ ಮನೆಯ ಹಿತ್ತಲಿಗೆ ನುಗ್ಗಿದರು. ಅಲ್ಲಿ ಅಜ್ಜಿಯ ಹಳೇ ಒಲೆ ಇತ್ತು. ಗ್ಯಾಸು ಬಂದ ಮೇಲೆ ಹಬ್ಬ ಹುಣ್ಣಿಮೆಗೆ ಮಾತ್ರ ಹಚ್ಚುವುದು. ಅಂದರೆ ಅದರ ಒಳಮೈಯಲ್ಲಿ ಇದ್ದದ್ದು ಯುಗಾದಿಯ ರಾತ್ರಿಯ ನೆನಪು. ಪ್ರತಿ ಸಲ ಬೆಂಕಿ ಹಚ್ಚಿದಾಗ ಹಿಂದಿನದು ಅಳಿಸಿ, ಆರಿದಾಗ ಹೊಸದು ಕೂತುಕೊಳ್ಳುತ್ತದಲ್ಲ. ಹುಡುಗಿ ಬಟ್ಟಲಿನಲ್ಲಿ ಸೂಜಿ ತೇಲಿಸಿ ಉತ್ತರ ಹಿಡಿದಳು. ಇನ್ನೊಬ್ಬ ಒಲೆಗುಂಡಿನ ಮೇಲೆ ಸೀಮೆಸುಣ್ಣದಿಂದ ಉತ್ತರದ ಗೆರೆ ಎಳೆದ. ಪಕ್ಕದಲ್ಲಿ "ಯಾರೂ ಮುಟ್ಟಬಾರದು" ಎಂದು ಬರೆದರು. ಗುಂಡು ಕೀಳಲು ಕೈ ಹಾಕಿದಾಗ ಮಾತ್ರ ಅಜ್ಜಿ ಬಾಗಿಲಿಗೆ ಬಂದರು.

"ಒಲೆಗುಂಡು ಕಿತ್ತಾಕಿದ್ರೆ ನಾಳೆ ಹೂರಣದ ಬ್ಯಾಳಿ ನಿಮ್ ತಲಿ ಮ್ಯಾಲೆ ಬೇಯಿಸ್ಲಾ?"

ಮರುದಿನ ಅಜ್ಜಿ ಒಲೆ ಹಚ್ಚಿದರು. ಮಧ್ಯಾಹ್ನ ನಮಗೆಲ್ಲ ಹೋಳಿಗೆ ಊಟ. ಕೈ ತೊಳೆದು ಹೋಗಿ ನೋಡಿದರೆ ಸೀಮೆಸುಣ್ಣದ ಗೆರೆಯ ಅರ್ಧಕ್ಕೆ ಮಸಿ ಹತ್ತಿತ್ತು. ಗುಂಡು ಇನ್ನೂ ಮುಟ್ಟಲಾಗದಷ್ಟು ಬಿಸಿ. ಹುಡುಗಿ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮೆಲ್ಲಗೆ ಹೇಳಿದಳು: "ಸದ್ದು ಮಾಡಬ್ಯಾಡ್ರೋ, ಈಗ ಬರಕೊಳ್ಳಾಕ್ ಹತ್ತೈತಿ."